ದುಬಾರಿ ಆಡಿಯೊ ಉಪಕರಣಕ್ಕೆ ಫರ್ಮ್‌ವೇರ್ ಅಪ್‌ಡೇಟ್: ಮಾಡಬೇಕಾದ್ದು, ಮಾಡಬಾರದ್ದು

ಎವಿ ರಿಸೀವರ್, ನೆಟ್‌ವರ್ಕ್ ಸ್ಟ್ರೀಮರ್, ಡ್ಯಾಕ್, ಸೌಂಡ್‌ಬಾರ್, ವೈಫೈ ಸ್ಪೀಕರ್: ಇವುಗಳಲ್ಲಿ ಯಾವುದಾದರೊಂದು ಮನೆಯಲ್ಲಿರುವ ಎಲ್ಲರಿಗೂ ಈ ಸೂಚನೆ ಅನ್ವಯಿಸುತ್ತದೆ. ಲಕ್ಷಗಟ್ಟಲೆ ಕೊಟ್ಟು ತಂದ ಉಪಕರಣ ಕೆಟ್ಟುಹೋದ ಒಂದು ಅಪ್‌ಡೇಟ್‌ನಿಂದ ದೀಪವೂ ಹತ್ತದ ಡಬ್ಬವಾಗಬಹುದು. ಹಾಗಾಗದಂತೆ ನೋಡಿಕೊಳ್ಳುವುದು ಬಹುಮಟ್ಟಿಗೆ ನಿಮ್ಮ ಕೈಯಲ್ಲೇ ಇದೆ.

ಒಳಗೆ ಏನು ನಡೆಯುತ್ತದೆ ಎಂಬುದು ಮೊದಲು ತಿಳಿದಿರಲಿ. ಉಪಕರಣವನ್ನು ನಡೆಸುವ ತಂತ್ರಾಂಶ ಫ್ಲ್ಯಾಶ್ ಮೆಮೊರಿಯಲ್ಲಿರುತ್ತದೆ. ಅಲ್ಲಿ ಹಳೆಯದರ ಮೇಲೆ ಹೊಸದನ್ನು ನೇರವಾಗಿ ಬರೆಯಲು ಬರುವುದಿಲ್ಲ. ಮೊದಲು ಹಳೆಯದನ್ನು ಬ್ಲಾಕ್ ಬ್ಲಾಕ್ ಆಗಿ ಅಳಿಸಬೇಕು, ಆಮೇಲೆ ಹೊಸದನ್ನು ಬರೆಯಬೇಕು. ಅಳಿಸಿಯಾಗಿದೆ, ಬರೆದು ಮುಗಿದಿಲ್ಲ ಎನ್ನುವ ಹೊತ್ತಿನಲ್ಲಿ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಕೆಲವು ಉಪಕರಣಗಳಲ್ಲಿ ಹೊಸದನ್ನು ಬರೆಯಲು ಬೇರೆಯೇ ಜಾಗವಿರುತ್ತದೆ. ಅದು ಪೂರ್ತಿ ಬರೆದು ತಾಳೆಯಾದ ಮೇಲಷ್ಟೇ ಹಳೆಯದು ಬದಿಗೆ ಸರಿಯುತ್ತದೆ. ನಿಮ್ಮ ಉಪಕರಣದಲ್ಲಿ ಆ ಏರ್ಪಾಡು ಇದೆಯೋ ಇಲ್ಲವೋ ಹೊರಗಿನಿಂದ ಕಾಣದು. ಇಲ್ಲವೆಂದೇ ಎಣಿಸಿ ನಡೆದುಕೊಳ್ಳಿ. ಕೆಳಗಿನ ಬಹುತೇಕ ಕಟ್ಟುನಿಟ್ಟು ಈ ಒಂದು ಕಾರಣಕ್ಕಾಗಿಯೇ.

1. ಅಪ್‌ಡೇಟ್ ಬೇಕೇ? ಮೊದಲು ತೀರ್ಮಾನಿಸಿ

ಮಾಡಬೇಕಾದ್ದು

• ತೊಂದರೆ ಏನೆಂದು ಗುರುತಿಸಿ, ಆಮೇಲೆ ಅಪ್‌ಡೇಟ್ ಮಾತು. ಚಿತ್ರ ಬಂದು ಬಂದು ಹೋಗುತ್ತಿದ್ದರೆ ಎಚ್‌ಡಿಎಂಐ ಕೇಬಲ್ ಬದಲಿಸಿ ನೋಡಿ, ಬೇರೆ ಇನ್‌ಪುಟ್‌ಗೆ ಹಾಕಿ ನೋಡಿ. ಸ್ಟ್ರೀಮರ್ ಹಾಡಿನ ನಡುವೆ ನಿಲ್ಲುತ್ತಿದ್ದರೆ ರೌಟರ್ ಪರೀಕ್ಷಿಸಿ. ಸ್ಪೀಕರ್‌ನಿಂದ ಸದಾ ಗುಂಯ್ ಎನ್ನುವ ಸದ್ದು ಬರುತ್ತಿದ್ದರೆ ಅರ್ಥಿಂಗ್ ನೋಡಿ. ಈ ಸದ್ದಿಗೆ ಕಾರಣವಾಗುವ ಗ್ರೌಂಡ್ ಲೂಪ್‌ಗೆ ಯಾವ ಫರ್ಮ್‌ವೇರೂ ಮದ್ದಲ್ಲ.

• ಈಗಿರುವ ಆವೃತ್ತಿಯ ಸಂಖ್ಯೆ ಬರೆದಿಟ್ಟುಕೊಳ್ಳಿ. ಹೊಸ ಆವೃತ್ತಿಯ ಜೊತೆ ಕಂಪನಿ ಕೊಡುವ ವಿವರಣೆಯನ್ನು ಪೂರ್ತಿ ಓದಿ. ನಿಮ್ಮ ತೊಂದರೆ ಅದರಲ್ಲಿದೆಯೇ? ಯಾವುದಾದರೂ ಸೌಲಭ್ಯ ಹೋಗುತ್ತದೆಯೇ? ಹಳೆಯದಕ್ಕೆ ಮರಳಲು ಅವಕಾಶವಿದೆಯೇ?

• ಭದ್ರತೆಗೆ ಸಂಬಂಧಿಸಿದ ಅಪ್‌ಡೇಟ್ ಆದರೆ ಹಾಕಲೇಬೇಕು. 2025ರ ಏಪ್ರಿಲ್‌ನಲ್ಲಿ ಆಲಿಗೊ ಎಂಬ ಭದ್ರತಾ ಸಂಸ್ಥೆ ಏರ್‌ಪ್ಲೇ ತಂತ್ರಾಂಶದ ದೋಷಗಳನ್ನು ‘ಏರ್‌ಬೋರ್ನ್’ ಎಂಬ ಹೆಸರಿನಲ್ಲಿ ಬಯಲಿಗಿಟ್ಟಿತು. ಅದೇ ವೈಫೈನಲ್ಲಿರುವ ದುಷ್ಕರ್ಮಿ ಅವುಗಳ ಮೂಲಕ ಸ್ಪೀಕರ್, ರಿಸೀವರ್‌ಗಳ ಒಳಹೊಗಬಹುದಿತ್ತು. ಆಪಲ್ ತನ್ನ ಉಪಕರಣಗಳನ್ನು ಸರಿಪಡಿಸಿಕೊಂಡರೂ ಬೇರೆ ಕಂಪನಿಗಳ ಸ್ಪೀಕರ್‌ಗಳಿಗೆ ಆಯಾ ಕಂಪನಿಯೇ ಫರ್ಮ್‌ವೇರ್ ಕೊಡಬೇಕಿತ್ತು. ಚೆನ್ನಾಗಿ ಹಾಡುತ್ತಿದೆ ಎಂದು ವರ್ಷಗಟ್ಟಲೆ ಹಾಗೇ ಬಿಡುವುದೂ ತಪ್ಪೇ.

ಮಾಡಬಾರದ್ದು

• ಬಿಡುಗಡೆಯಾದ ದಿನವೇ ಹಾಕಬೇಡಿ. ತುರ್ತು ಭದ್ರತಾ ತಿದ್ದುಪಡಿ ಅಲ್ಲವಾದರೆ ಎರಡು ವಾರ ತಡೆಯಿರಿ. 2025ರ ಮಾರ್ಚ್‌ನಲ್ಲಿ ಸ್ಯಾಮ್‌ಸಂಗ್ ತನ್ನ ದುಬಾರಿ ಸೌಂಡ್‌ಬಾರ್ ಎಚ್‌ಡಬ್ಲ್ಯು-ಕ್ಯೂ990ಡಿಗೆ ಕೊಟ್ಟ 1020.7 ಆವೃತ್ತಿಯಿಂದ ಹಲವರ ಸೌಂಡ್‌ಬಾರ್‌ಗಳು ರಿಮೋಟಿಗೂ ಬಟನ್ನಿಗೂ ಸ್ಪಂದಿಸದೆ ಸ್ತಬ್ಧವಾದವು. ಪ್ಲಗ್ ಕಿತ್ತು ಹಾಕಿದರೂ ಏಳಲಿಲ್ಲ. ಕಂಪನಿ ಉಚಿತವಾಗಿ ರಿಪೇರಿ ಮಾಡಿಕೊಡಬೇಕಾಯಿತು. ಕಾದವರಿಗೆ ಆ ಕಷ್ಟ ಬರಲಿಲ್ಲ.

• ಆಟೊ ಅಪ್‌ಡೇಟ್ ಚಾಲೂ ಇಡಬೇಡಿ. ನಿಲ್ಲಿಸುವ ಆಯ್ಕೆ ಇದ್ದರೆ ನಿಲ್ಲಿಸಿ, ತಿಳಿಸುವ ಆಯ್ಕೆಯನ್ನು ಮಾತ್ರ ಉಳಿಸಿಕೊಳ್ಳಿ. ಯಾವಾಗ ಹಾಕಬೇಕೆಂಬುದನ್ನು ಮನೆಯ ಕರೆಂಟ್ ಬಲ್ಲ ನೀವು ನಿರ್ಧರಿಸಬೇಕು, ಯಂತ್ರವಲ್ಲ. ತಿಂಗಳಿಗೊಮ್ಮೆ ನೀವೇ ಪರಿಶೀಲಿಸಿ.

• ಹಾರ್ಡ್‌ವೇರ್ ದೋಷಕ್ಕೆ ಫರ್ಮ್‌ವೇರ್ ಕಾಯುತ್ತ ಕೂರಬೇಡಿ. 2020ರಲ್ಲಿ ಬಂದ ಡೆನಾನ್, ಮರಾಂಟ್ಜ್, ಯಮಾಹಾದ ಕೆಲವು ರಿಸೀವರ್‌ಗಳ ಎಚ್‌ಡಿಎಂಐ 2.1 ಚಿಪ್‌ನಲ್ಲೇ ದೋಷವಿತ್ತು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ 4ಕೆ 120 ಹರ್ಟ್ಸ್ ಚಿತ್ರ ಕೊಟ್ಟರೆ ಪರದೆ ಕಪ್ಪಾಗುತ್ತಿತ್ತು. ಅಪ್‌ಡೇಟ್‌ನಿಂದ ಅದು ಹೋಗಲಿಲ್ಲ. ಡೆನಾನ್, ಮರಾಂಟ್ಜ್ ಕೊಂಡವರಿಗೆ ಪ್ರತ್ಯೇಕ ಅಡಾಪ್ಟರ್ ಪೆಟ್ಟಿಗೆ ಸಿಕ್ಕಿತು. ಯಮಾಹಾ ಒಳಗಿನ ಬೋರ್ಡನ್ನೇ ಬದಲಿಸಿಕೊಟ್ಟಿತು. ದೋಷ ಚಿಪ್‌ನಲ್ಲಿದ್ದರೆ ಪರಿಹಾರವನ್ನು ಸರ್ವಿಸ್ ಸೆಂಟರ್‌ನಲ್ಲಿ ಕೇಳಿ.

• ಹಿಂದಕ್ಕೆ ಹೋಗಬಹುದೆಂದು ನಂಬಬೇಡಿ. 2024ರ ಮೇ ತಿಂಗಳಲ್ಲಿ ಸೋನೋಸ್ ಹೊಸ ಆ್ಯಪ್ ತಂದಾಗ ಅಲಾರಂ, ಸ್ಲೀಪ್ ಟೈಮರ್‌ನಂಥ ಸೌಲಭ್ಯಗಳೇ ಕಾಣೆಯಾಗಿದ್ದವು. ಹಳೆಯ ಆ್ಯಪ್ ಮರಳಿ ಕೊಡಿ ಎಂದು ಬಳಕೆದಾರರು ಕೂಗಿದರೂ, ಸ್ಪೀಕರ್‌ಗಳೊಳಗಿನ ತಂತ್ರಾಂಶವೂ ಬದಲಾಗಿರುವುದರಿಂದ ಅದು ಆಗದು ಎಂದು ಕಂಪನಿ ಹೇಳಿತು. ಒಪ್ಪಿಗೆ ಒತ್ತುವ ಮುನ್ನ ಇದು ನೆನಪಿರಲಿ.

2. ಕರೆಂಟ್

ಮಾಡಬೇಕಾದ್ದು

• ಉಪಕರಣವನ್ನು ಯುಪಿಎಸ್‌ಗೆ ಜೋಡಿಸಿ. ಮನೆಯ ಇನ್ವರ್ಟರ್ ಸಾಲುವುದು ಅದು ಯುಪಿಎಸ್ ಮೋಡ್‌ನಲ್ಲಿದ್ದರೆ ಮಾತ್ರ. ಸಾಮಾನ್ಯ ಮೋಡ್‌ನಲ್ಲಿ ಲೈನ್‌ನಿಂದ ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲಿ ಫ್ಯಾನು, ದೀಪಕ್ಕೆ ಏನೂ ಆಗದು. ರಿಸೀವರ್ ಮಾತ್ರ ರೀಸ್ಟಾರ್ಟ್ ಆಗಬಹುದು. ಸೈನ್ ವೇವ್ ಇನ್ವರ್ಟರ್ ಇದ್ದರೆ ಒಳ್ಳೆಯದು. ಸ್ಕ್ವೇರ್ ವೇವ್ ಮೇಲೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಆಂಪ್‌ಗಳು ಗುಂಯ್‌ಗುಡುತ್ತವೆ, ಬಿಸಿಯಾಗುತ್ತವೆ.

• ಮೊದಲೇ ಪರೀಕ್ಷಿಸಿ. ಉಪಕರಣ ಆನ್ ಇರಲಿ, ಹಾಡು ಬೇಡ. ಗೋಡೆಯಲ್ಲಿ ಯುಪಿಎಸ್‌ನ ಸ್ವಿಚ್ ಆರಿಸಿ. ಡಿಸ್‌ಪ್ಲೇ ಮಿಣುಕದೆ ಅರ್ಧ ಗಂಟೆ ನಿಂತರೆ ಸರಿ. ನಿಲ್ಲದಿದ್ದರೆ ಆ ಯುಪಿಎಸ್ ಈ ಕೆಲಸಕ್ಕೆ ಬಾರದು.

• ಫೈಬರ್ ಮೋಡೆಮ್, ರೌಟರ್ ಎರಡನ್ನೂ ಬ್ಯಾಕಪ್‌ನಲ್ಲಿಡಿ.

• ದಿನ, ಹೊತ್ತು ಆರಿಸಿ. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂ, ಸೆಸ್ಕ್ ಯಾವುದೇ ಇರಲಿ, ನಿಗದಿತ ವಿದ್ಯುತ್ ವ್ಯತ್ಯಯದ ಪ್ರಕಟಣೆ ನೋಡಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಕಳೆದರೆ ಗುಡುಗು ಮಳೆ. ಬೆಳಗಿನ ಹೊತ್ತೇ ಲೇಸು.

• ಪವರ್ ಆಂಪ್, ಸಬ್‌ವೂಫರ್ ಪ್ರತ್ಯೇಕವಾಗಿದ್ದರೆ ಅವನ್ನು ಆಫ್ ಮಾಡಿ. ಅಪ್‌ಡೇಟ್ ನಡುವೆ ಉಪಕರಣ ರೀಸ್ಟಾರ್ಟ್ ಆಗುವಾಗ ಢಬ್ ಎಂಬ ಪೆಟ್ಟು ಸ್ಪೀಕರ್‌ಗೆ ಹೋಗದಿರಲಿ.

ಮಾಡಬಾರದ್ದು

• ಗುಡುಗು, ಮಿಂಚು ಇರುವಾಗ ಆರಂಭಿಸಬೇಡಿ. ಯುಪಿಎಸ್ ಇದ್ದರೂ ಬೇಡ. ಸಿಡಿಲಿನ ಹೊಡೆತ ನೆಟ್‌ವರ್ಕ್ ಕೇಬಲ್, ಡಿಶ್ ಕೇಬಲ್ ಮೂಲಕವೂ ಒಳಗೆ ಬರುತ್ತದೆ.

• ಸ್ಮಾರ್ಟ್ ಪ್ಲಗ್, ಟೈಮರ್ ಸಾಕೆಟ್ ಮೂಲಕ ಉಪಕರಣವನ್ನು ನಡೆಸುತ್ತಿದ್ದರೆ ಅಪ್‌ಡೇಟ್ ಹೊತ್ತಿಗೆ ಅವನ್ನು ಬಳಸಬೇಡಿ.

• ಗೀಸರ್, ಇಸ್ತ್ರಿಪೆಟ್ಟಿಗೆ, ಮಿಕ್ಸಿ ಇರುವ ಲೈನ್‌ನಲ್ಲೇ ಉಪಕರಣವಿದ್ದರೆ ಅವನ್ನು ಆಗ ಹಾಕಬೇಡಿ. ಎಂಸಿಬಿ ಬಿದ್ದರೆ ಎಲ್ಲವೂ ಹೋಗುತ್ತದೆ. ‘ಈ ಸ್ವಿಚ್ ಮುಟ್ಟಬೇಡಿ’ ಎಂದು ಸ್ವಿಚ್‌ಬೋರ್ಡ್ ಮೇಲೆ ಚೀಟಿ ಅಂಟಿಸಿ. ಮನೆಯವರಿಗೆ, ಕೆಲಸಕ್ಕೆ ಬರುವವರಿಗೆ ಬಾಯಲ್ಲೂ ಹೇಳಿ.

3. ಸೆಟ್ಟಿಂಗ್‌ಗಳ ನಕಲು

ಮಾಡಬೇಕಾದ್ದು

• ಸೆಟ್ಟಿಂಗ್ ಉಳಿಸುವ ಸೌಲಭ್ಯವಿದ್ದರೆ ಪೆನ್‌ಡ್ರೈವ್‌ಗೋ ಆ್ಯಪ್‌ಗೋ ಉಳಿಸಿ. ಇಲ್ಲದಿದ್ದರೆ ಮೆನುವಿನ ಪ್ರತಿ ಪುಟದ ಫೋಟೊ ತೆಗೆಯಿರಿ: ಸ್ಪೀಕರ್ ಗಾತ್ರ, ಕ್ರಾಸ್‌ಓವರ್, ದೂರ, ಲೆವೆಲ್, ಆಂಪ್ ಹಂಚಿಕೆ, ಇನ್‌ಪುಟ್ ಜೋಡಣೆ, ವಾಲ್ಯೂಮ್ ಮಿತಿ, ಐಪಿ ವಿಳಾಸ.

• ಮೈಕ್ ಇಟ್ಟು ಮಾಡಿದ ರೂಮ್ ಕ್ಯಾಲಿಬ್ರೇಷನ್ ಅಳಿಸಿಹೋಗಬಹುದು. ಆ ಮೈಕ್ ಎಲ್ಲಿದೆ ಎಂದು ಮೊದಲೇ ಹುಡುಕಿಟ್ಟುಕೊಳ್ಳಿ.

ಮಾಡಬಾರದ್ದು

• ಹಳೆಯ ಆವೃತ್ತಿಯಲ್ಲಿ ಉಳಿಸಿದ್ದು ಹೊಸದರಲ್ಲಿ ತೆರೆಯುತ್ತದೆಂದು ನೆಚ್ಚಿಕೊಳ್ಳಬೇಡಿ. ಫೋಟೊಗಳೂ ಇರಲಿ.

4. ನೆಟ್‌ವರ್ಕ್ ಮೂಲಕ ಹಾಕುವಾಗ

ಮಾಡಬೇಕಾದ್ದು

• ಸಾಧ್ಯವಿದ್ದಲ್ಲೆಲ್ಲ ಲ್ಯಾನ್ ಕೇಬಲ್ ಬಳಸಿ. ವೈಫೈ ಒಂದೇ ದಾರಿಯಾದರೆ ರೌಟರನ್ನು ಹತ್ತಿರ ತನ್ನಿ.

• ‘ಸರ್ವರ್ ಸಿಗುತ್ತಿಲ್ಲ’ ಎಂದು ಬಂದರೆ ಈ ಕ್ರಮದಲ್ಲಿ ಹೋಗಿ: ಮೋಡೆಮ್, ರೌಟರ್, ಉಪಕರಣ ಮೂರನ್ನೂ ಇದೇ ಸರದಿಯಲ್ಲಿ ರೀಸ್ಟಾರ್ಟ್ ಮಾಡಿ, ರೌಟರ್‌ನಲ್ಲಿ ವಿಪಿಎನ್, ಜಾಹೀರಾತು ತಡೆಯುವ ಫಿಲ್ಟರ್ ಇದ್ದರೆ ನಿಲ್ಲಿಸಿ, ಡಿಎನ್‌ಎಸ್ ವಿಳಾಸವನ್ನು 8.8.8.8 ಅಥವಾ 1.1.1.1ಕ್ಕೆ ಬದಲಿಸಿ, ಉಪಕರಣದ ದಿನಾಂಕ, ಸಮಯ ಸರಿಯಿದೆಯೇ ನೋಡಿ. ಗಡಿಯಾರ ತಪ್ಪಿದ್ದರೆ ಸುರಕ್ಷಿತ ಸಂಪರ್ಕವೇ ಕುದುರುವುದಿಲ್ಲ. ಆಗಲೂ ಆಗದಿದ್ದರೆ ಮರುದಿನ ಪ್ರಯತ್ನಿಸಿ. ಕೆಲವೊಮ್ಮೆ ತೊಂದರೆ ಕಂಪನಿಯ ಕಡೆಯದೇ ಇರುತ್ತದೆ.

ಮಾಡಬಾರದ್ದು

• ಡೌನ್‌ಲೋಡ್ ಆಗುವಾಗ ಅದೇ ನೆಟ್‌ನಲ್ಲಿ ಸಿನಿಮಾ, ಗೇಮ್, ವಿಡಿಯೊ ಕಾಲ್ ನಡೆಸಬೇಡಿ.

• ಹಲವು ಕೋಣೆಗಳ ಸ್ಪೀಕರ್‌ಗಳು ಒಂದೇ ಗುಂಪಿನಲ್ಲಿದ್ದರೆ ಒಂದನ್ನು ಮಾತ್ರ ಹಳೆಯದರಲ್ಲಿ ಉಳಿಸಬೇಡಿ. ಆವೃತ್ತಿ ಬೇರೆ ಬೇರೆಯಾದರೆ ಗುಂಪು ಒಡೆಯಬಹುದು, ಸ್ಪೀಕರ್ ಆ್ಯಪ್‌ಗೆ ಕಾಣದಿರಬಹುದು.

5. ಪೆನ್‌ಡ್ರೈವ್ ಮೂಲಕ ಹಾಕುವಾಗ

ಮಾಡಬೇಕಾದ್ದು

• ಕಡತವನ್ನು ಕಂಪನಿಯ ಅಧಿಕೃತ ತಾಣದಿಂದಲೇ ಇಳಿಸಿ. ಮಾದರಿಯ ಸಂಖ್ಯೆಯನ್ನು ಉಪಕರಣದ ಹಿಂಬದಿಯ ಲೇಬಲ್‌ನಿಂದ ಅಕ್ಷರ ಬಿಡದೆ ಬರೆದುಕೊಳ್ಳಿ. ಕೊನೆಯ ಒಂದು ಅಕ್ಷರ ಬೇರೆಯಾದರೆ ಅದು ಬೇರೆಯೇ ಉಪಕರಣ.

• 8ರಿಂದ 32 ಜಿಬಿ ಒಳಗಿನ ಪೆನ್‌ಡ್ರೈವ್ ತೆಗೆದುಕೊಂಡು ಫ್ಯಾಟ್ 32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ದೊಡ್ಡ ಡ್ರೈವ್‌ಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್‌ನಲ್ಲಿರುತ್ತವೆ. ಅನೇಕ ಆಡಿಯೊ ಉಪಕರಣಗಳಿಗೆ ಅದು ಓದಲು ಬರದು.

• ಝಿಪ್ ಬಿಚ್ಚಿ, ಒಳಗಿನ ಕಡತವನ್ನು ಮಾತ್ರ ಇಡಿ. ಕೈಪಿಡಿ ಬೇರೆ ಹೇಳದಿದ್ದರೆ ಯಾವ ಫೋಲ್ಡರ್‌ನೊಳಗೂ ಹಾಕದೆ ನೇರವಾಗಿ ಇಡಿ. ಡ್ರೈವ್‌ನಲ್ಲಿ ಬೇರೇನೂ ಇರಬಾರದು.

• ಕಂಪನಿ ಚೆಕ್‌ಸಮ್ ಕೊಟ್ಟಿದ್ದರೆ ತಾಳೆ ನೋಡಿ. ಇಲ್ಲದಿದ್ದರೆ ಕಡತದ ಗಾತ್ರವನ್ನಾದರೂ ಹೋಲಿಸಿ. ಕಂಪ್ಯೂಟರ್‌ನಿಂದ ‘ಇಜೆಕ್ಟ್’ ಮಾಡಿಯೇ ಡ್ರೈವ್ ತೆಗೆಯಿರಿ.

ಮಾಡಬಾರದ್ದು

• ಕಡತದ ಹೆಸರು ಬದಲಿಸಬೇಡಿ. ಎರಡನೇ ಬಾರಿ ಇಳಿಸಿದರೆ ಬ್ರೌಸರ್ ಹೆಸರಿನ ಕೊನೆಗೆ 1 ಎಂದು ತಾನೇ ಸೇರಿಸುತ್ತದೆ. ಉಪಕರಣ ಹುಡುಕುವುದು ಮೂಲ ಹೆಸರನ್ನು. ಸಿಗದಿದ್ದರೆ ‘ಕಡತವಿಲ್ಲ’ ಎನ್ನುತ್ತದೆ. ಹಳೆಯದನ್ನು ಅಳಿಸಿ ಮತ್ತೆ ಇಳಿಸಿ.

• ಮ್ಯಾಕ್‌ನಲ್ಲಿ ನಕಲಿಸಿದಾಗ ಸೇರಿಕೊಳ್ಳುವ, ಚುಕ್ಕಿಯಿಂದ ಶುರುವಾಗುವ ಅಡಗು ಕಡತಗಳನ್ನು ಹಾಗೇ ಬಿಡಬೇಡಿ. ಅಳಿಸಿ, ಆಮೇಲೆ ಉಪಕರಣಕ್ಕೆ ಹಾಕಿ.

• ಅಪರಿಚಿತರು ವಾಟ್ಸ್ಆ್ಯಪ್‌ನಲ್ಲೋ ಡ್ರೈವ್ ಲಿಂಕ್‌ನಲ್ಲೋ ಕಳಿಸಿದ ಕಡತ ಹಾಕಬೇಡಿ. ‘ನನ್ನ ಮನೆಯಲ್ಲಿ ಸರಿಯಾಯಿತು’ ಎಂಬುದು ನಿಮ್ಮ ಉಪಕರಣಕ್ಕೆ ಗ್ಯಾರಂಟಿಯಲ್ಲ.

• ಅಮೆರಿಕದಿಂದ ಮಕ್ಕಳು ತಂದುಕೊಟ್ಟ ರಿಸೀವರ್‌ಗೆ ಭಾರತದ ಮಾದರಿಯ ಕಡತ ಹಾಕಬೇಡಿ. ಹೆಸರು ಒಂದೇ ಇದ್ದರೂ ಪ್ರದೇಶದಿಂದ ಪ್ರದೇಶಕ್ಕೆ ಫರ್ಮ್‌ವೇರ್ ಬೇರೆಯಿರಬಹುದು. ಅದು 120 ವೋಲ್ಟ್‌ನದಾದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕವೇ ನಡೆಯಬೇಕು. ಯುಪಿಎಸ್ ಆ ಟ್ರಾನ್ಸ್‌ಫಾರ್ಮರ್‌ಗಿಂತ ಮೊದಲು, ಗೋಡೆಯ ಕಡೆ ಬರಬೇಕು.

6. ಕಂಪ್ಯೂಟರ್ ಮೂಲಕ ಡ್ಯಾಕ್‌ಗೆ ಹಾಕುವಾಗ

ಮಾಡಬೇಕಾದ್ದು

• ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿರಲಿ. ಸ್ಲೀಪ್ ನಿಲ್ಲಿಸಿ, ವಿಂಡೋಸ್ ಅಪ್‌ಡೇಟ್ ತಡೆಹಿಡಿಯಿರಿ. ರೂನ್, ಫೂಬಾರ್‌ನಂಥ ಪ್ಲೇಯರ್‌ಗಳನ್ನು ಪೂರ್ತಿ ಮುಚ್ಚಿ. ಕಂಪನಿಯ ಡ್ರೈವರ್ ಮೊದಲು, ಅಪ್‌ಡೇಟ್ ತಂತ್ರಾಂಶ ಆಮೇಲೆ.

• ಡ್ಯಾಕನ್ನು ಕಂಪ್ಯೂಟರ್‌ನ ಯುಎಸ್‌ಬಿ ಪೋರ್ಟ್‌ಗೆ ನೇರವಾಗಿ, ಗಿಡ್ಡ ಕೇಬಲ್‌ನಲ್ಲಿ ಜೋಡಿಸಿ.

ಮಾಡಬಾರದ್ದು

• ಯುಎಸ್‌ಬಿ ಹಬ್, ಐಸೊಲೇಟರ್, ವರ್ಚುವಲ್ ಮಷೀನ್ ನಡುವೆ ಬರಬಾರದು. ಅಪ್‌ಡೇಟ್ ಮೋಡ್‌ಗೆ ಹೋಗುವಾಗ ಡ್ಯಾಕ್ ಒಮ್ಮೆ ಕಡಿದುಕೊಂಡು ಬೇರೆ ಉಪಕರಣದಂತೆ ಮತ್ತೆ ಜೋಡಿಸಿಕೊಳ್ಳುತ್ತದೆ. ನಡುವೆ ಇರುವವು ಅಲ್ಲೇ ಕೈಕೊಡುತ್ತವೆ.

• ಎರಡು ಕಂಪನಿಗಳ ಡ್ಯಾಕ್‌ನಲ್ಲಿ ಒಂದೇ ಎಕ್ಸ್‌ಮಾಸ್ ಚಿಪ್ ಇದೆ ಎಂದು ಒಂದರ ಫರ್ಮ್‌ವೇರ್ ಇನ್ನೊಂದಕ್ಕೆ ಹಾಕಬೇಡಿ. ಚಿಪ್ ಒಂದೇ ಆದರೂ ಸುತ್ತಲಿನ ಸರ್ಕ್ಯೂಟ್ ಬೇರೆ.

7. ನಡೆಯುತ್ತಿರುವಾಗ

ಮಾಡಬೇಕಾದ್ದು

• ಆರಂಭಿಸುವ ಮೊದಲು ಆಟೊ ಸ್ಟ್ಯಾಂಡ್‌ಬೈ, ಸ್ಲೀಪ್ ಟೈಮರ್, ಎಚ್‌ಡಿಎಂಐ ಕಂಟ್ರೋಲ್ ಮೂರನ್ನೂ ಆಫ್ ಮಾಡಿ. ಎಚ್‌ಡಿಎಂಐ ಕಂಟ್ರೋಲ್ ಚಾಲೂ ಇದ್ದರೆ ಟಿವಿ ಆರಿಸಿದವರು ತಿಳಿಯದೆಯೇ ರಿಸೀವರ್‌ಗೂ ಆಫ್ ಆದೇಶ ಕಳಿಸಿರುತ್ತಾರೆ.

• ಆರಂಭದ ಗಳಿಗೆ ಬರೆದುಕೊಳ್ಳಿ. ಪ್ರತಿ ಹಂತದ ಡಿಸ್‌ಪ್ಲೇಯ ಫೋಟೊ ತೆಗೆಯಿರಿ. ಮುಗಿಯುವವರೆಗೆ ಮನೆಯಲ್ಲೇ ಇರಿ.

ಮಾಡಬಾರದ್ದು

• ಯಾವ ಬಟನ್ನನ್ನೂ ಒತ್ತಬೇಡಿ. ಪ್ಲಗ್ ಕೀಳಬೇಡಿ. ಪೆನ್‌ಡ್ರೈವ್ ಎಳೆಯಬೇಡಿ. ಆ್ಯಪ್ ಮುಚ್ಚಿ ತೆರೆದು ನೋಡಬೇಡಿ.

• ಡಿಸ್‌ಪ್ಲೇ ಕಪ್ಪಾದರೆ, ಒಳಗೆ ರಿಲೇ ಟಿಕ್ ಟಿಕ್ ಎಂದರೆ, ಶೇಕಡಾವಾರು ಒಂದೇ ಅಂಕಿಯಲ್ಲಿ ನಿಂತರೆ ಗಾಬರಿಯಾಗಬೇಡಿ. ಮುಖ್ಯ ಪ್ರೊಸೆಸರ್, ಡಿಎಸ್‌ಪಿ, ಎಚ್‌ಡಿಎಂಐ, ನೆಟ್‌ವರ್ಕ್ ಭಾಗಗಳಿಗೆ ಒಂದೊಂದಾಗಿ ಬರೆಯಬೇಕಾದ ಉಪಕರಣಗಳಿವೆ. ನಡುನಡುವೆ ಮೌನವಿರುವುದು ಸಹಜ.

8. ನಿಂತುಹೋದರೆ

ಮಾಡಬೇಕಾದ್ದು

• ಮೊದಲ ಕೆಲಸ ಕಾಯುವುದು. ಕೈಪಿಡಿ ಹೇಳಿದ ಅವಧಿಯ ಎರಡರಷ್ಟು ಕಾಯಿರಿ. ಅವಧಿ ಹೇಳಿರದಿದ್ದರೆ ಕನಿಷ್ಠ ಎರಡು ಗಂಟೆ.

• ಎರಡನೆಯದು, ದೋಷದ ಸಂಖ್ಯೆ ಕಾಣುತ್ತಿದ್ದರೆ ಅದರ ಫೋಟೊ ತೆಗೆದು ಕೈಪಿಡಿಯಲ್ಲಿ ಹುಡುಕಿ. ಕಡತ ಸಿಗದ್ದು, ಸಂಪರ್ಕ ತಪ್ಪಿದ್ದು, ಬರೆಯುವಾಗ ಸೋತದ್ದು: ಮೂರಕ್ಕೂ ಮದ್ದು ಬೇರೆ ಬೇರೆ. ಡೌನ್‌ಲೋಡ್‌ನಲ್ಲೇ ನಿಂತಿದ್ದರೆ ಅಪಾಯ ಕಡಿಮೆ. ಬರೆಯುವಾಗ ನಿಂತಿದ್ದರೆ ಹೆಜ್ಜೆ ಹೆಜ್ಜೆಗೂ ಎಚ್ಚರ ಬೇಕು.

• ಮೂರನೆಯದು, ಕಾಯುವ ಅವಧಿ ಪೂರ್ತಿ ಕಳೆದ ಮೇಲಷ್ಟೇ ಉಪಕರಣದ ಪ್ಲಗ್ ತೆಗೆಯಿರಿ. ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಕೆಲವು ಉಪಕರಣಗಳು ಬಿಟ್ಟಲ್ಲಿಂದ ತಾವೇ ಮತ್ತೆ ಪ್ರಯತ್ನಿಸುತ್ತವೆ. ಅದು ಶುರುವಾದರೆ ಪುನಃ ಕಾಯಿರಿ.

• ನಾಲ್ಕನೆಯದು, ಆಗಲೂ ಏಳದಿದ್ದರೆ ಕಂಪನಿ ಹೇಳಿದ ರಿಕವರಿ ವಿಧಾನ. ಪೆನ್‌ಡ್ರೈವ್‌ನಲ್ಲಿ ಅದೇ ಮಾದರಿಯ ಕಡತ ಇಟ್ಟು, ಹೇಳಿದ ಬಟನ್‌ಗಳನ್ನು ಒತ್ತಿ ಹಿಡಿದು ಆನ್ ಮಾಡುವುದು ಸಾಮಾನ್ಯ ಕ್ರಮ. ಬಟನ್‌ಗಳ ಜೋಡಿ ಮಾದರಿಯಿಂದ ಮಾದರಿಗೆ ಬೇರೆ. ನಿಮ್ಮ ಮಾದರಿಯ ಕೈಪಿಡಿ ನೋಡಿ, ಇಲ್ಲವೇ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ ಕೇಳಿ.

ಮಾಡಬಾರದ್ದು

• ಪ್ಲಗ್ ಹಾಕಿ ತೆಗೆದು, ಹಾಕಿ ತೆಗೆದು ಮಾಡಬೇಡಿ. ಪ್ರತಿ ಬಾರಿಯೂ ಬರವಣಿಗೆ ಮತ್ತೆ ಶುರುವಾಗಿ ಮತ್ತೆ ಕಡಿಯುತ್ತಿರಬಹುದು.

• ಫ್ಯಾಕ್ಟರಿ ರಿಸೆಟ್‌ಗೆ ಮೊದಲೇ ಕೈಹಾಕಬೇಡಿ. ಅದು ಕೊನೆಯ ಅಸ್ತ್ರ.

• ಮುಚ್ಚಳ ಬಿಚ್ಚಲೇಬೇಡಿ. ಆಂಪ್ ಇರುವ ಉಪಕರಣದ ದೊಡ್ಡ ಕೆಪಾಸಿಟರ್‌ಗಳಲ್ಲಿ ಪ್ಲಗ್ ತೆಗೆದ ಮೇಲೂ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ. ವಾರಂಟಿ ಹೋಗುವುದು ಎರಡನೆಯ ಮಾತು, ಜೀವ ಮೊದಲನೆಯದು.

9. ಮುಗಿದ ಮೇಲೆ

ಇಲ್ಲಿ ಮೈಮರೆತರೆ ಅಪ್‌ಡೇಟ್‌ನಲ್ಲಿ ಉಳಿದುಕೊಂಡ ಉಪಕರಣವೇ ಸ್ಪೀಕರನ್ನು ಸುಡಬಹುದು.

ಮಾಡಬೇಕಾದ್ದು

• ಪವರ್ ಆಂಪ್ ಆನ್ ಮಾಡುವ ಮೊದಲು ವಾಲ್ಯೂಮ್ ನೋಡಿ. ಡ್ಯಾಕ್ ಅಥವಾ ಸ್ಟ್ರೀಮರ್ ಅನ್ನು ನೇರ ಪವರ್ ಆಂಪ್‌ಗೆ ಜೋಡಿಸಿದ್ದರೆ, ಅಪ್‌ಡೇಟ್ ಅದರ ಔಟ್‌ಪುಟ್ಟನ್ನು ‘ವೇರಿಯಬಲ್’ನಿಂದ ‘ಫಿಕ್ಸ್ಡ್’ಗೆ ತಂದಿರಬಹುದು. ಆಗ ಆರ್‌ಸಿಎಯಲ್ಲಿ ಸಾಮಾನ್ಯವಾಗಿ 2 ವೋಲ್ಟ್, ಬ್ಯಾಲೆನ್ಸ್ಡ್‌ನಲ್ಲಿ 4 ವೋಲ್ಟ್ ಪೂರ್ಣ ಮಟ್ಟದಲ್ಲಿ ಆಂಪ್‌ಗೆ ನುಗ್ಗುತ್ತದೆ. ಮೊದಲ ಹಾಡಿಗೇ ಟ್ವೀಟರ್ ಹೋಗಲು ಅಷ್ಟು ಸಾಕು.

• ವಾಲ್ಯೂಮ್ ಮಿತಿ, ಆನ್ ಆಗುವಾಗಿನ ವಾಲ್ಯೂಮ್, ಸ್ಪೀಕರ್ ಗಾತ್ರ, ಕ್ರಾಸ್‌ಓವರ್ ಎಲ್ಲವನ್ನೂ ಫೋಟೊ ಜೊತೆ ತಾಳೆ ಹಾಕಿ. ಡಿಎಸ್‌ಪಿಯಲ್ಲಿ ಆ್ಯಕ್ಟಿವ್ ಕ್ರಾಸ್‌ಓವರ್ ಇಟ್ಟುಕೊಂಡವರು ಅಪ್‌ಡೇಟ್‌ಗೆ ಮುನ್ನವೇ ಟ್ವೀಟರ್ ತಂತಿ ಬಿಚ್ಚಿರಬೇಕು. ಕ್ರಾಸ್‌ಓವರ್ ಇದೆಯೆಂದು ಖಚಿತವಾದ ಮೇಲೆ ಜೋಡಿಸಬೇಕು.

• ಚಿತ್ರ ಅಥವಾ ಇಎಆರ್‌ಸಿ ಧ್ವನಿ ಬಾರದಿದ್ದರೆ ಟಿವಿ, ರಿಸೀವರ್, ಪ್ಲೇಯರ್ ಎಲ್ಲದರ ಪ್ಲಗ್ ತೆಗೆದು ಐದು ನಿಮಿಷ ಬಿಡಿ. ಮೊದಲು ಟಿವಿ, ಆಮೇಲೆ ರಿಸೀವರ್, ಕೊನೆಗೆ ಪ್ಲೇಯರ್ ಆನ್ ಮಾಡಿ. ಎಚ್‌ಡಿಎಂಐ ಉಪಕರಣಗಳು ಒಂದನ್ನೊಂದು ಹೊಸದಾಗಿ ಗುರುತಿಸಿಕೊಳ್ಳುತ್ತವೆ. ಆಫ್ ಮಾಡಿದ್ದ ಎಚ್‌ಡಿಎಂಐ ಕಂಟ್ರೋಲ್ ಮತ್ತೆ ಹಾಕಿ. 4ಕೆ, 8ಕೆ ಸಿಗ್ನಲ್ ಆಯ್ಕೆ ಮೊದಲಿನಂತಿದೆಯೇ ನೋಡಿ.

ಮಾಡಬಾರದ್ದು

• ಧ್ವನಿ ಬದಲಾಗಿದೆ ಅನ್ನಿಸಿದ ಕೂಡಲೇ ಫರ್ಮ್‌ವೇರ್ ಮೇಲೆ ಹೊರಿಸಬೇಡಿ. ರೂಮ್ ಕ್ಯಾಲಿಬ್ರೇಷನ್ ಚಾಲೂ ಇದೆಯೇ, ಸೌಂಡ್ ಮೋಡ್ ಅದೇ ಇದೆಯೇ, ಎರಡೂ ಚಾನೆಲ್ ಲೆವೆಲ್ ಸಮವಿದೆಯೇ ಎಂದು ಮೊದಲು ನೋಡಿ.

10. ಸರ್ವಿಸ್, ದೂರು

ಮಾಡಬೇಕಾದ್ದು

• ಬಿಲ್, ಸೀರಿಯಲ್ ನಂಬರ್, ಹಳೆಯ ಮತ್ತು ಹೊಸ ಆವೃತ್ತಿ, ದೋಷದ ಫೋಟೊ, ಸಮಯ ಎಲ್ಲವನ್ನೂ ಸೇರಿಸಿ ಕಂಪನಿಗೆ ಇಮೇಲ್ ಮಾಡಿ. ಫೋನಿನಲ್ಲಿ ಹೇಳಿದ್ದು ದಾಖಲೆಯಾಗದು. ದೂರಿನ ಸಂಖ್ಯೆ ಕೇಳಿ ಪಡೆಯಿರಿ.

• ಕಂಪನಿಯೇ ಕೊಟ್ಟ ಅಪ್‌ಡೇಟ್‌ನಿಂದ ಕೆಟ್ಟಿದ್ದರೆ ವಾರಂಟಿ ಮುಗಿದಿದ್ದರೂ ಉಚಿತ ರಿಪೇರಿ ಕೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ನಿಮಗೆ ತೆರೆದಿದೆ.

ಮಾಡಬಾರದ್ದು

• ಅಧಿಕೃತ ಸರ್ವಿಸ್ ಸೆಂಟರ್ ನೋಡುವ ಮೊದಲು ಬೀದಿ ತುದಿಯ ರಿಪೇರಿ ಅಂಗಡಿಯಲ್ಲಿ ಬಿಚ್ಚಿಸಬೇಡಿ. ಸೀಲ್ ಒಡೆದರೆ ನಿಮ್ಮ ವಾದ ಅಲ್ಲಿಗೆ ದುರ್ಬಲ.

• ನಡೆದದ್ದನ್ನು ಮುಚ್ಚಿಡಬೇಡಿ. ನಡುವೆ ಕರೆಂಟ್ ಹೋಗಿದ್ದರೆ ಹೋಯಿತೆಂದೇ ಹೇಳಿ. ತಂತ್ರಜ್ಞರು ಸರಿಯಾದ ಜಾಗದಿಂದ ಹುಡುಕಾಟ ಆರಂಭಿಸಲು ಆ ಒಂದು ಮಾತು ಸಾಕು.

ಕೊನೆಯದಾಗಿ: ಪರೀಕ್ಷಿಸಿದ ಯುಪಿಎಸ್, ನಿಮ್ಮ ಮಾದರಿಯ ಅಧಿಕೃತ ಕಡತ, ಯಾರೂ ಅಡ್ಡಿಮಾಡದ ಎರಡು ಗಂಟೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಇಂದು ಅಪ್‌ಡೇಟ್ ಆರಂಭಿಸಬೇಡಿ.